ಗಾಜಿನ ಪಂಪು

ಮೊನ್ನೆ ಅಟ್ಟ ಗುಡಿಸುವಾಗ ನನ್ನ ಹಳೇ ಎದೆಹಾಲಿನ ಪಂಪು ಸಿಕ್ಕಿತು. ಗಾಜಿನ ಬಟ್ಟಲು, ತುದಿಗೆ ಆಟೋ ಹಾರ್ನಿನಂಥ ರಬ್ಬರ್ ಚೆಂಡು!

1996ರಲ್ಲಿ ಹೆರಿಗೆ ರಜೆ ಮುಗಿಸಿ ಕೊಟ್ಟೂರಿನಿಂದ ಕೂಡ್ಲಿಗಿಗೆ ಬಸ್ಸಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಮಧ್ಯಾಹ್ನಕ್ಕೆ ಎದೆ ಬಿಗಿದು ಕಲ್ಲಾಗಿ, ಸೆರಗು ತೊಯ್ದು... ಚಿಲಕವಿಲ್ಲದ ಸ್ಟೋರ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ಹಾಲು ತೆಗೆದು, ಗಿಡದ ಬುಡಕ್ಕೆ ಚೆಲ್ಲುತ್ತಿದ್ದೆ. "ತಣ್ಣಗಾದ ಹಾಲು ಕೂಸಿಗೆ ಆಗಲ್ಲ" ಅಂತ ಅತ್ತಿ ಹೇಳಿದ್ದರು. ನಾನೂ ನಂಬಿದ್ದೆ. ಮನೆಯಲ್ಲಿ ಮಗಳಿಗೆ ಡಬ್ಬಿ ಹಾಲು.

ಈಗ ಓದಿದರೆ ಹೊಟ್ಟೆ ಉರಿಯುತ್ತದೆ. ಅಮೆರಿಕದ ಓರ್ವೆಲ್ ನೀಡಮ್ ಇಂಥ ಪಂಪಿಗೆ 1854ರಲ್ಲೇ ಪೇಟೆಂಟ್ ಪಡೆದಿದ್ದ. 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ತೆರೆದಿದ್ದರು. ಅಲ್ಲಿ ತಾಯಂದಿರು ತೆಗೆದುಕೊಟ್ಟ ಹಾಲು ಕಂಡವರ ಕೂಸುಗಳನ್ನೂ ಉಳಿಸುತ್ತಿತ್ತು. ನಾನು ಏಳು ವರ್ಷದ ಮೇಲೂ ಚೆಲ್ಲುತ್ತಿದ್ದೆ! ಸ್ವಚ್ಛವಾಗಿ ತೆಗೆದ ಹಾಲು ಫ್ರಿಡ್ಜಲ್ಲಿ ನಾಲ್ಕು ದಿನ ಇರುತ್ತದಂತೆ. ಆದರೆ ಆ ರಬ್ಬರ್ ಚೆಂಡಿನ ಒಳಗನ್ನು ತೊಳೆಯೋದು ಕಷ್ಟ. ಹಾಗಾಗಿ ಅಂಥ ಪಂಪು ಬೇಡ ಅನ್ನುತ್ತಾರೆ ಡಾಕ್ಟರುಗಳು.

2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಯಿತು. ಅದೇ ಮಗಳು ಈಗ ಬಾಣಂತನ ಮುಗಿಸಿ ಹಗರಿಬೊಮ್ಮನಹಳ್ಳಿಗೆ ಕೆಲಸಕ್ಕೆ ಹೊರಟಿದ್ದಾಳೆ, ಬ್ಯಾಗಲ್ಲಿ ಕೈಪಂಪು ಇಟ್ಟುಕೊಂಡು. ನಾನು ಕೇಳಿದ್ದು ಒಂದೇ:

"ಅಲ್ಲಿ ಚಿಲಕ ಇರೋ ರೂಮ್ ಐತೇನವ್ವಾ?"