ಹಳೇ ಜೀಪು ಗುಜರಿಯಲ್ಲ: ಟಾರು ಮುಗಿದಲ್ಲಿ ಓಡುವ ಗಾಡಿಯ ರಿಪೇರಿ, ನಿರ್ವಹಣೆ ಮತ್ತು ಕಾನೂನು

ಕೊಡಚಾದ್ರಿಗೋ ಮಾಂದಲಪಟ್ಟಿಗೋ ಹೋದವರು ಹಳೇ ಜೀಪಿನ ಕಂಬಿ ಹಿಡಿದು, ಸೊಂಟ ನೋಯಿಸಿಕೊಂಡು ಬಂದಿರ್ತೀರಿ. ಪ್ರವಾಸಿಗರಿಗೆ ಅದು ಒಂದು ದಿನದ ಸಾಹಸ. ಮಲೆನಾಡು, ಕೊಡಗಿನ ಒಂಟಿ ಮನೆಗಳಿಗೆ ಅದೇ ಗೊಬ್ಬರದ ಗಾಡಿ, ಅಡಿಕೆ ಸಾಗಿಸುವ ಗಾಡಿ, ಮಳೆಗಾಲದ ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಆಂಬುಲೆನ್ಸ್ ಕೂಡ. ಟಾರು ಮುಗಿದ ಮೇಲೆ ಶುರುವಾಗುವ ದಾರಿಗೆ ಬೇರೆ ವ್ಯವಸ್ಥೆ ಇಲ್ಲದಿರುವಾಗ, ಇರುವ ಜೀಪನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳೋದು ಹವ್ಯಾಸದ ಮಾತಲ್ಲ, ಅಗತ್ಯದ ಮಾತು.

ಇದು ಯಾಕೆ ಇಷ್ಟು ವರ್ಷ ಬಾಳುತ್ತೆ?

ಮಹೀಂದ್ರಾ ಕಂಪನಿ ಭಾರತದಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಮುಂದೆ ಪೆಟ್ರೋಲ್ ಎಂಜಿನ್ ಜಾಗಕ್ಕೆ ಡೀಸೆಲ್ ಬಂತು; ಎಂಎಂ 540ರಂಥ ಮಾದರಿಗಳಲ್ಲಿ ಇದ್ದದ್ದು ಫ್ರಾನ್ಸಿನ ಪ್ಯೂಜೊ ಮೂಲದ 2.1 ಲೀಟರ್ ಎಂಜಿನ್. ಏಣಿಯಂಥ ಗಟ್ಟಿ ಛಾಸಿ, ಲೀಫ್ ಸ್ಪ್ರಿಂಗ್, ಡ್ರಮ್ ಬ್ರೇಕ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಸ್ಪ್ಯಾನರ್ ಸೆಟ್, ಗ್ರೀಸ್ ಗನ್, ಸ್ವಲ್ಪ ತಾಳ್ಮೆ ಇದ್ದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮನೆಯಂಗಳದಲ್ಲೇ ಆಗುತ್ತೆ. ಒಂದು ಎಚ್ಚರಿಕೆ: ಬರೀ ಜಾಕ್ ನಂಬಿ ಗಾಡಿಯ ಕೆಳಗೆ ನುಗ್ಗಬೇಡಿ. ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿ ಕೊಟ್ಟು, ಚಕ್ರಕ್ಕೆ ಅಡ್ಡಗಲ್ಲು ಇಟ್ಟ ಮೇಲೆಯೇ ಕೆಲಸ.

ಫೋರ್‌ವೀಲ್ ಹಾಕೋದು ಯಾವಾಗ?

ಹೆಚ್ಚಿನ ಹಳೇ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇರೋದಿಲ್ಲ. ಫೋರ್‌ವೀಲ್ ಹಾಕಿದ ಕೂಡಲೇ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡುತ್ತವೆ. ಕೆಸರಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತೆ. ಒಣ ಟಾರಿನ ಮೇಲೆ ಜಾರೋದಿಲ್ಲ, ಆ ಒತ್ತಡವೆಲ್ಲ ಟ್ರಾನ್ಸ್‌ಫರ್ ಕೇಸ್ ಮತ್ತು ಕ್ರಾಸ್‌ಗಳ ಮೇಲೆ ಬೀಳುತ್ತೆ. ಹಾಗಾಗಿ ಟಾರಿಗೆ ಬಂದ ತಕ್ಷಣ ಟೂವೀಲ್‌ಗೆ ಹಾಕಿ.

ಮುಂದಿನ ಚಕ್ರದಲ್ಲಿ ಕೈಯಿಂದ ತಿರುಗಿಸುವ ಹಬ್ ಇದ್ದರೆ ಮೊದಲು ಅದನ್ನು ಲಾಕ್ ಮಾಡಬೇಕು. ಇಲ್ಲದಿದ್ದರೆ ಲಿವರ್ ಎಳೆದರೂ ಮುಂದಿನ ಚಕ್ರಕ್ಕೆ ಶಕ್ತಿ ಹೋಗಲ್ಲ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಮಣ್ಣು ದಾರಿಯಲ್ಲಿ ಸ್ವಲ್ಪ ದೂರ ಫೋರ್‌ವೀಲ್‌ನಲ್ಲಿ ಓಡಿಸಿ. ವರ್ಷವಿಡೀ ಮುಟ್ಟದೆ ಬಿಟ್ಟ ಲಿವರ್ ಜೂನ್ ತಿಂಗಳಲ್ಲಿ ಬೇಕಾದಾಗಲೇ ಹಿಡಿದುಕೊಂಡಿರುತ್ತೆ.

ಹಳ್ಳ ದಾಟಿದ ಮೇಲೆ

ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತೆ, ಸವೆದ ಸೀಲಿನ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತೆ. ಆಕ್ಸಲ್ ಮೇಲಿನ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಇದು ಇನ್ನೂ ಜಾಸ್ತಿ. ಪ್ಲಗ್ ಬಿಚ್ಚಿ ನೋಡಿ: ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ. ಪೂರ್ತಿ ಇಳಿಸಿ ಹೊಸದು ಹಾಕಬೇಕು. ನಾಳೆ ನೋಡೋಣ ಅಂದರೆ ಬೇರಿಂಗ್ ಹೋಗುತ್ತೆ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್, ಈ ನಾಲ್ಕೂ ಕಡೆ ಮಳೆಗಾಲದ ಮೊದಲು ಮತ್ತು ನಂತರ ನೋಡೋದು ರೂಢಿಯಾಗಲಿ.

ಬ್ರೇಕ್: ಇಲ್ಲಿ ಜುಗಾಡ್ ಬೇಡ

ಒದ್ದೆಯಾದ ಡ್ರಮ್ ಬ್ರೇಕ್ ಹಿಡಿಯೋದಿಲ್ಲ. ನೀರಿನಿಂದ ಹೊರಬಂದ ಮೇಲೆ ಪೆಡಲನ್ನು ಹಗುರವಾಗಿ ಒತ್ತಿಕೊಂಡು ನಿಧಾನವಾಗಿ ಸ್ವಲ್ಪ ದೂರ ಓಡಿಸಿದರೆ ಆ ಬಿಸಿಗೆ ಲೈನರ್ ಒಣಗುತ್ತೆ. ತುಂಬಾ ಹಳೇ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನ್. ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ. ಚಕ್ರದ ಒಳಬದಿಯಲ್ಲಿ ಪಸೆ ಕಂಡರೆ, ಪೆಡಲ್ ಮೆತ್ತಗಾದರೆ, ಗಾಡಿ ಒಂದು ಕಡೆ ಎಳೆದರೆ ಆ ದಿನವೇ ಕೆಲಸ ಮಾಡಿಸಿ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತೆ, ಮಲೆನಾಡಲ್ಲಿ ತೇವಕ್ಕೆ ಬರವಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಹ್ಯಾಂಡ್ ಬ್ರೇಕ್ ಹೋಗಿದ್ದರೆ ಅದನ್ನೂ ಮಾಡಿಸಿ. ಇಳಿಜಾರಲ್ಲಿ ಅದೇ ಕೊನೆಯ ಆಸರೆ.

ಎಂಜಿನ್ ಹೊಗೆಯಲ್ಲಿ ಮಾತಾಡುತ್ತೆ

ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚಾಗಿ ಬೀಳ್ತಿದೆ. ಮೊದಲು ಏರ್ ಕ್ಲೀನರ್ ನೋಡಿ, ಆಮೇಲೆ ಇಂಜೆಕ್ಟರ್. ಆಯಿಲ್ ತುಂಬುವ ಹಳೇ ಥರದ ಏರ್ ಕ್ಲೀನರ್ ಆದರೆ ತೊಳೆದು, ಗುರುತಿನ ಮಟ್ಟಕ್ಕೆ ಹೊಸ ಆಯಿಲ್ ಹಾಕಿದರೆ ಸಾಕು. ನೀಲಿ ಹೊಗೆ ಅಂದ್ರೆ ಎಂಜಿನ್ ಆಯಿಲ್ ಉರೀತಿದೆ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಬೆಳಗ್ಗೆ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದರೆ ಗಾಬರಿ ಬೇಡ. ಬಿಸಿಯಾದ ಮೇಲೂ ಬರ್ತಿದ್ದು, ರೇಡಿಯೇಟರ್ ನೀರೂ ಕಮ್ಮಿಯಾಗ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ದಾರಿ ಮಧ್ಯೆ ಡೀಸೆಲ್ ಖಾಲಿಯಾಗಿ ನಿಂತರೆ, ಮತ್ತೆ ತುಂಬಿಸಿದ ಮಾತ್ರಕ್ಕೆ ಎಂಜಿನ್ ಸ್ಟಾರ್ಟ್ ಆಗಲ್ಲ. ಲೈನಲ್ಲಿ ಗಾಳಿ ಸೇರಿರುತ್ತೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಿ, ಸ್ಕ್ರೂ ಬಿಗಿ ಮಾಡಿ. ಇದೊಂದು ಗೊತ್ತಿದ್ದರೆ ಎಷ್ಟೋ ರಾತ್ರಿ ಕಾಡಲ್ಲಿ ಕಳೆಯೋದು ತಪ್ಪುತ್ತೆ.

ಗ್ರೀಸ್, ತುಕ್ಕು, ಅರ್ತಿಂಗ್

ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಸ್ಪ್ರಿಂಗಿನ ಶ್ಯಾಕಲ್, ಸ್ಟೇರಿಂಗ್ ರಾಡಿನ ತುದಿಗಳು, ಎಲ್ಲೆಲ್ಲಿ ಗ್ರೀಸ್ ನಿಪ್ಪಲ್ ಇದೆಯೋ ಅಲ್ಲೆಲ್ಲ ಹಳೇ ಗ್ರೀಸ್ ಹೊರಬರುವವರೆಗೆ ಹೊಸದು ತುಂಬಿ. ಗೇರ್ ಬದಲಿಸುವಾಗ ಕೆಳಗಿಂದ ಟಕ್ ಅನ್ನುವ ಸದ್ದು ಬಂದರೆ ಮೊದಲು ಕ್ರಾಸ್ ಅಲುಗಾಡಿಸಿ ನೋಡಿ. ಕೆಸರು ಅಂಟಿದ ಛಾಸಿ ತೇವ ಹಿಡಿದಿಟ್ಟು ಒಳಗಿಂದ ತಿನ್ನುತ್ತೆ. ತೊಳೆದು, ಸ್ಪ್ರಿಂಗ್ ಕೂರುವ ಜಾಗದಲ್ಲಿ ಚಿಕ್ಕ ಸುತ್ತಿಗೆಯಿಂದ ತಟ್ಟಿ. ಟಣ್ ಅಂದರೆ ಗಟ್ಟಿ. ಮಂಕಾದ ಸದ್ದು ಬಂದರೆ ಅಥವಾ ಹಕ್ಕಳೆ ಉದುರಿದರೆ ಬಣ್ಣ ಬಳಿದು ಮುಚ್ಚಬೇಡಿ, ಆ ಭಾಗ ಕತ್ತರಿಸಿ ಹೊಸ ಪ್ಲೇಟ್ ಹಾಕಿಸಿ. ಲೈಟು, ಸೆಲ್ಫ್ ಕೈಕೊಟ್ಟರೆ ಹೊಸ ಬ್ಯಾಟರಿ ತರುವ ಮೊದಲು ಎಂಜಿನ್ ಮತ್ತು ಛಾಸಿಗೆ ಹೋಗುವ ಅರ್ತ್ ವೈರ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿ ನೋಡಿ.

15 ವರ್ಷವಾದರೆ ಗುಜರಿಗೆ ಹಾಕಲೇಬೇಕಾ?

ಇಲ್ಲ. ಈ ಗೊಂದಲ ದೆಹಲಿ ಸುತ್ತಮುತ್ತಲಿನ ನಿಯಮಗಳಿಂದ ಹುಟ್ಟಿದ್ದು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಇರುತ್ತೆ. ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಅಂದರೆ ಕಾನೂನು ಕೇಳೋದು ಗಾಡಿ ಓಡಲು ಯೋಗ್ಯವೇ ಅಂತ.

ಆದರೆ ಶುಲ್ಕದ ಕಥೆ ಬೇರೆ. ಕೇಂದ್ರ ಸರ್ಕಾರ 2022ರ ಏಪ್ರಿಲ್ 1ರಿಂದ ಲಘು ವಾಹನಗಳ ನವೀಕರಣ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಿತು. 2025ರಲ್ಲಿ 20 ವರ್ಷ ದಾಟಿದವಕ್ಕೆ 10,000 ಮಾಡಿತು. ನಗರದಲ್ಲಿ ಎರಡನೇ ಕಾರು ಇಟ್ಟುಕೊಂಡವರಿಗೂ, ಬಸ್ಸೇ ಬಾರದ ಊರಿನ ಸಣ್ಣ ಹಿಡುವಳಿದಾರರಿಗೂ ಒಂದೇ ದರ.

ಇನ್ನೆರಡು ವಿಷಯ. ಎಂಜಿನ್ ಬದಲಿಸಬೇಕಿದ್ದರೆ ಮೊದಲೇ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಬಿಳಿ ಬೋರ್ಡಿನ ಜೀಪಲ್ಲಿ ಬಾಡಿಗೆಗೆ ಜನ ಹತ್ತಿಸಿ ಅಪಘಾತವಾದರೆ ವಿಮೆ ಸಿಗೋದೂ ಕಷ್ಟ.

ರಿಪೇರಿಯೂ ಒಂದು ಹಕ್ಕು

ಹಳೇ ಡೀಸೆಲ್ ಎಂಜಿನ್ ಹೊಸದಕ್ಕಿಂತ ಹೆಚ್ಚು ಹೊಗೆ ಬಿಡುತ್ತೆ, ಇದು ನಿಜ. ಆದರೆ ಹೊಸ ಗಾಡಿ ತಯಾರಿಸಲೂ ಕಬ್ಬಿಣ, ಇಂಧನ ಬೇಕು. ತಿಂಗಳಲ್ಲಿ ಕೆಲವೇ ದಿನ ಓಡುವ, ಚೆನ್ನಾಗಿಟ್ಟ ಜೀಪನ್ನೂ ದಿನವಿಡೀ ಹೊಗೆ ಕಾರುವ ಲಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ನ್ಯಾಯವಲ್ಲ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಗುರುತಿಸಿದ ನಾಲ್ಕು ವಲಯಗಳಲ್ಲಿ ವಾಹನ ಮತ್ತು ಕೃಷಿ ಯಂತ್ರ ಎರಡೂ ಇವೆ. ಅದೇ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ಕೂಡ ಬಂತು. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಕೃಷಿ ಯಂತ್ರಗಳ ಬಿಡಿಭಾಗ, ಕೈಪಿಡಿ, ಸಾಫ್ಟ್‌ವೇರನ್ನು ಮಾಲೀಕರಿಗೆ ಕೊಡಲೇಬೇಕು ಅಂತ ಕಾನೂನು ಮಾಡಿತು. ಪೋರ್ಟಲ್ ಮಾಹಿತಿ ಕೊಡುತ್ತೆ, ಕಾನೂನು ಹಕ್ಕು ಕೊಡುತ್ತೆ. ಇವೆರಡರ ನಡುವಿನ ವ್ಯತ್ಯಾಸವನ್ನೇ ನಾವು ಕೇಳಬೇಕಿರೋದು.

ಇವತ್ತಿನ ಜೀಪನ್ನು ಊರಿನ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ. ನಾಳೆ ಕೊಳ್ಳುವ ಗಾಡಿಯನ್ನು ಬಿಚ್ಚಲು ಕಂಪನಿಯ ಲ್ಯಾಪ್‌ಟಾಪ್ ಬೇಕಾದರೆ, ಮಳೆಗಾಲದ ಆ ರಾತ್ರಿ ಕಂಪನಿಯವರು ಹಳ್ಳ ದಾಟಿ ಬರ್ತಾರಾ?