ಆದಿಮಧ್ಯಯುಗದ ಖಡ್ಗಗಳು ಮತ್ತು ಚೂರಿಗಳು: ನಿರ್ಮಾಣವೂ ಪುನರ್ನಿರ್ಮಾಣವೂ

ಪಶ್ಚಿಮ ರೋಮ್ ಸಾಮ್ರಾಜ್ಯವು ಕುಸಿದ ಐದನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗಿನ ಅವಧಿಯಲ್ಲಿ ಉತ್ತರ ಯೂರೋಪಿನ ಫ್ರಾಂಕರು, ಆಂಗ್ಲೋ-ಸ್ಯಾಕ್ಸನರು, ವೈಕಿಂಗರು ಮೊದಲಾದ ಜನರ ನಡುವೆ ಬಳಕೆಯಲ್ಲಿದ್ದ ಇಬ್ಬಾಯಿಯ ಖಡ್ಗಗಳೂ ಒಬ್ಬಾಯಿಯ ಚೂರಿಗಳೂ, ಅವುಗಳನ್ನು ಆದರ್ಶವಾಗಿಟ್ಟುಕೊಂಡು ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದೀಚೆಗೆ ಕೈಗೆಲಸದಿಂದ ತಯಾರಾಗುತ್ತಿರುವ ಅಲಗುಗಳೂ ಈ ಲೇಖನದ ವಿಷಯ. ಇವೆರಡರ ನಡುವೆ ಗುರುಶಿಷ್ಯಪರಂಪರೆಯ ಎಳೆಯೊಂದು ಅವಿಚ್ಛಿನ್ನವಾಗಿ ಹರಿದು ಬಂದಿತೆಂದು ಭಾವಿಸಲಾಗದು. ಹತ್ತನೆಯ ಶತಮಾನದ ವೇಳೆಗೆ ಕ್ಷೀಣಿಸಿದ ವಿದ್ಯೆಯೊಂದನ್ನು, ಅದನ್ನು ಬಲ್ಲವರು ಬರೆದಿಟ್ಟ ಒಂದು ಪುಟದ ಸಹಾಯವೂ ಇಲ್ಲದೆ, ತುಕ್ಕು ಹಿಡಿದ ಲೋಹದಿಂದಲೇ ಓದಿ ತೆಗೆಯಬೇಕಾಯಿತು.

ಆ ಕಾಲದ ಯೂರೋಪಿನ ಕಮ್ಮಾರನು ಕಬ್ಬಿಣವನ್ನು ಕರಗಿಸಿ ಎರಕ ಹೊಯ್ಯುತ್ತಿರಲಿಲ್ಲ. ಕಬ್ಬಿಣವು ದ್ರವವಾಗಲು 1538 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಮಣ್ಣಿನ ಕುಲುಮೆಗೆ ತಿದಿಯೊತ್ತಿ, ಜೌಗುನೆಲದಲ್ಲಿ ದೊರೆಯುವ ಅದಿರನ್ನು ಇದ್ದಿಲಿನೊಡನೆ ಬೇಯಿಸಿದಾಗ ಅವನ ಕೈಗೆ ಬರುತ್ತಿದ್ದುದು ಕಿಟ್ಟ ತುಂಬಿದ, ರಂಧ್ರಮಯವಾದ ಒಂದು ಮುದ್ದೆ. ಅದನ್ನು ಮತ್ತೆ ಮತ್ತೆ ಕಾಯಿಸಿ ಬಡಿದು ಕಿಟ್ಟವನ್ನು ಹೊರದೂಡಿದ ಮೇಲೆಯೂ ಲೋಹವು ಏಕರೂಪವಾಗಿರುತ್ತಿರಲಿಲ್ಲ: ಒಂದೆಡೆ ಇಂಗಾಲವು ಸೇರಿ ಗಟ್ಟಿಯಾದ ಉಕ್ಕು, ಇನ್ನೊಂದೆಡೆ ಮೆದುವಾದ ಕಬ್ಬಿಣ, ಮತ್ತೊಂದೆಡೆ ಅದಿರಿನಿಂದಲೇ ಬಂದ ರಂಜಕದ ಅಂಶ. ಒಂದು ಮೀಟರಿನಷ್ಟು ಉದ್ದದ ಖಡ್ಗಕ್ಕೆ ಸಾಲುವಷ್ಟು ಉತ್ತಮವಾದ ಉಕ್ಕು ಒಂದೇ ತುಂಡಿನಲ್ಲಿ ದೊರೆಯುವುದು ದುರ್ಲಭವಾಗಿದ್ದುದರಿಂದ, ಸಣ್ಣ ತುಂಡುಗಳನ್ನು ಬೆಸೆದು ಅಲಗನ್ನು ಕಟ್ಟುವುದು ಮೊದಲಿಗೆ ಅನಿವಾರ್ಯತೆಯಾಗಿತ್ತು. ಅದು ಕಲೆಯಾದುದು ಅನಂತರ.

ಆ ಕಲೆಯನ್ನು ಇಂದು ಪ್ಯಾಟರ್ನ್ ವೆಲ್ಡಿಂಗ್ ಎನ್ನುತ್ತಾರೆ; ಚಿತ್ರಬೆಸುಗೆ ಎಂದರೂ ಸಲ್ಲುತ್ತದೆ. ಬೇರೆ ಬೇರೆ ಗುಣದ ಕಬ್ಬಿಣದ ತೆಳುಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಕಿಡಿ ಸಿಡಿಯುವ ಬಿಳಿಗಾವಿಗೆ ತಂದು, ಮರಳನ್ನು ಎರಚಿ ಮೇಲಿನ ಕಲ್ಮಷವನ್ನು ದ್ರವವಾಗಿ ಹರಿಯಗೊಟ್ಟು, ಬಿರುಸಾದರೂ ಅಳತೆ ತಪ್ಪದ ಪೆಟ್ಟುಗಳಿಂದ ಒಂದೇ ಸರಳಾಗಿ ಬೆಸೆಯುವುದು ಮೊದಲ ಹಂತ. ಆ ಸರಳನ್ನು ಕೆಂಪಗೆ ಕಾಯಿಸಿ, ಒಂದು ತುದಿಯನ್ನು ಬಿಗಿಹಿಡಿದು, ಇನ್ನೊಂದು ತುದಿಯನ್ನು ಇಕ್ಕಳದಿಂದ ಹಗ್ಗ ಹೊಸೆದಂತೆ ತಿರುಚುತ್ತಾರೆ. ಪಕ್ಕದ ಸರಳನ್ನು ವಿರುದ್ಧ ದಿಕ್ಕಿಗೆ ತಿರುಚುತ್ತಾರೆ. ಹೀಗೆ ತಿರುಚಿದ ಎರಡು, ಮೂರು ಅಥವಾ ನಾಲ್ಕು ಸರಳುಗಳನ್ನು ಒತ್ತೊತ್ತಾಗಿ ಜೋಡಿಸಿ ಬೆಸೆದರೆ ಅಲಗಿನ ನಡುಭಾಗ ಸಿದ್ಧವಾಯಿತು. ಅದರ ಸುತ್ತ ಉಕ್ಕಿನ ಪಟ್ಟಿಯನ್ನು ಬಾಯಿಯಾಗಿ ಬೆಸೆದು, ಉಜ್ಜಿ ಮಸೆದು, ಯಾವುದಾದರೊಂದು ಆಮ್ಲದಿಂದ ತೊಳೆದಾಗ ರಂಜಕಯುಕ್ತವಾದ ಕಬ್ಬಿಣವು ಬೆಳ್ಳಗೂ ಇಂಗಾಲಯುಕ್ತವಾದುದು ಕಪ್ಪಗೂ ಕಂಡು, ಅಲಗಿನ ಉದ್ದಕ್ಕೂ ಹೆಣೆದ ಜಡೆಯಂಥ ವಿನ್ಯಾಸವು ಮೂಡುತ್ತದೆ. ಎಷ್ಟು ಆಳಕ್ಕೆ ಮಸೆದರೆ ಯಾವ ಚಿತ್ರ ಹೊರಬೀಳುವುದೆಂಬುದನ್ನು ಕಮ್ಮಾರನು ಮೊದಲೇ ಊಹಿಸಬೇಕು. ತಿರುಚಿದ ಸರಳಿನ ಮೇಲ್ಮೈಯಲ್ಲಿ ಓರೆಗೆರೆಗಳಿದ್ದರೆ, ಅರ್ಧದವರೆಗೆ ಮಸೆದಾಗ ಅವೇ ಬಾಗಿ ಕಮಾನುಗಳಾಗುತ್ತವೆ.

ಈ ಕ್ರಮವು ಮಧ್ಯಯುಗದಲ್ಲಿ ಹುಟ್ಟಿದುದಲ್ಲ. ಜಟ್ಲೆಂಡಿನ ನೀಡಮ್ ಎಂಬ ಜೌಗಿನಲ್ಲಿ ಕಾನ್ರಾಡ್ ಎಂಗೆಲ್‌ಹಾರ್ಟ್ 1859ರಿಂದ 1863ರವರೆಗೆ ನಡೆಸಿದ ಉತ್ಖನನದಲ್ಲಿ ದೊರೆತ 100ಕ್ಕೂ ಹೆಚ್ಚಿನ ಖಡ್ಗಗಳು, ರೋಮನರ ಕಾಲದಲ್ಲಿಯೇ ಇದು ಪ್ರೌಢಾವಸ್ಥೆಗೆ ಬಂದಿತ್ತೆಂಬುದನ್ನು ತೋರಿಸುತ್ತವೆ. ಇಟಲಿಯನ್ನಾಳಿದ ಆಸ್ಟ್ರೋಗೋಥ್ ದೊರೆ ಥಿಯೋಡೊರಿಕನ ಪರವಾಗಿ ಅವನ ಅಮಾತ್ಯ ಕ್ಯಾಸಿಯೊಡೋರಸನು ಆರನೆಯ ಶತಮಾನದ ಆದಿಯಲ್ಲಿ ಬರೆದ ಪತ್ರವೊಂದರಲ್ಲಿ, ಕಾಣಿಕೆಯಾಗಿ ಬಂದ ಖಡ್ಗಗಳ ನಡುವಣ ತೋಡಿನಲ್ಲಿ ಸಣ್ಣ ಹುಳುಗಳು ಹರಿದಾಡುವಂತೆ ತೋರುವ ಛಾಯೆಗಳನ್ನು ಕಂಡು ಬೆರಗಾದುದನ್ನು ವಿಸ್ತರಿಸಿದ್ದಾನೆ. ರಾಜಸಭೆಯ ಅಲಂಕಾರಪ್ರಿಯನಾದ ಆ ಲೇಖಕನು ಕುಲುಮೆಯ ಬಳಿ ಸುಳಿದಿದ್ದನೆಂದು ತೋರುವುದಿಲ್ಲವಾದರೂ, ಅವನ ಕಣ್ಣು ಮಾತ್ರ ಸುಳ್ಳಾಡಿಲ್ಲ.

ಖಡ್ಗವು ಸಾಮಾನ್ಯನ ಸೊತ್ತಾಗಿರಲಿಲ್ಲ. ಫ್ರಾಂಕರ ರಿಪುವೇರಿಯನ್ ಶಾಸನದಲ್ಲಿ ಒರೆಸಹಿತವಾದ ಖಡ್ಗಕ್ಕೆ 7 ಸಾಲಿಡಸ್ ಚಿನ್ನದ ನಾಣ್ಯಗಳನ್ನೂ ಒರೆಯಿಲ್ಲದ್ದಕ್ಕೆ 3ನ್ನೂ ಬೆಲೆಯೆಂದು ನಿಗದಿಮಾಡಲಾಗಿದೆ. ಆರೋಗ್ಯವಂತವಾದ ಎತ್ತಿಗೆ ಅದೇ ಶಾಸನ ಕಟ್ಟಿದ ಬೆಲೆ 2. ಮರ, ಚರ್ಮ, ಉಣ್ಣೆಗಳಿಂದಾದ ಒರೆಯು ಅಲಗಿಗಿಂತ ದುಬಾರಿಯಾಗಿತ್ತೆಂಬುದು ಇಂದಿನ ಓದುಗನಿಗೆ ವಿಚಿತ್ರವಾಗಿ ಕಂಡೀತು. ಒಂದು ಒರೆಯನ್ನು ಕೈಯಾರೆ ಮಾಡಿನೋಡಿದವರಿಗೆ ಅಷ್ಟು ವಿಚಿತ್ರವೆನಿಸದು. ತಂದೆಯಿಂದ ಮಗನಿಗೆ, ಒಡೆಯನಿಂದ ಭಟನಿಗೆ ಖಡ್ಗಗಳು ಹೆಸರಿನೊಡನೆಯೂ ಚರಿತ್ರೆಯೊಡನೆಯೂ ಸಾಗುತ್ತಿದ್ದವು. ಇಂಗ್ಲೆಂಡಿನ ರಾಜಕುಮಾರ ಎಥೆಲ್‌ಸ್ಟನ್ 1014ರಲ್ಲಿ ಬರೆಸಿದ ಮರಣಶಾಸನದಲ್ಲಿ, ಎರಡು ಶತಮಾನಗಳಿಗೂ ಹಿಂದೆ ಆಳಿದ ಆಫ ದೊರೆಯದೆನ್ನಲಾದ ಖಡ್ಗವನ್ನು ತಮ್ಮ ಎಡ್ಮಂಡನಿಗೆ ಬಿಟ್ಟುಹೋದುದಲ್ಲದೆ, ತನ್ನ ಖಡ್ಗಗಳಿಗೆ ಸಾಣೆ ಹಿಡಿಯುತ್ತಿದ್ದ ಸೇವಕನಿಗೂ ಒಂದು ಖಡ್ಗವನ್ನು ದತ್ತಿಮಾಡಿದ್ದಾನೆ. ಈ ಚರಿತ್ರೆಯಲ್ಲಿ ಕೆಲಸಗಾರನೊಬ್ಬನು ಹೆಸರುಸಹಿತ ಕಾಣಿಸಿಕೊಳ್ಳುವ ವಿರಳ ಪ್ರಸಂಗಗಳಲ್ಲಿ ಇದೊಂದು.

ಚೂರಿಯ ಕಥೆ ಇದಕ್ಕಿಂತ ಭಿನ್ನ. ಆಂಗ್ಲೋ-ಸ್ಯಾಕ್ಸನ್ ಸಮಾಧಿಗಳಲ್ಲಿ ಗಂಡಸರ ಪಕ್ಕದಲ್ಲಿಯೂ ಹೆಂಗಸರ ಪಕ್ಕದಲ್ಲಿಯೂ ದೊರೆಯುವ ಸಣ್ಣ ಚೂರಿಯು ಊಟಕ್ಕೂ ಕೆಲಸಕ್ಕೂ ಸಮನಾಗಿ ಒದಗುತ್ತಿದ್ದ ಉಪಕರಣ. ಯಾರ್ಕ್ ನಗರದ ಕಾಪರ್‌ಗೇಟ್‌ನಲ್ಲಿ 1976ರಿಂದ 1981ರವರೆಗೆ ನಡೆದ ಉತ್ಖನನದಲ್ಲಿ ಹೊರಬಂದ ಚೂರಿಗಳನ್ನು ಕೊಯ್ದು ಪರೀಕ್ಷಿಸಿದಾಗ, ದುಬಾರಿಯಾದ ಉಕ್ಕನ್ನು ಮಿತವ್ಯಯದಿಂದ ಬಳಸುವ ಜಾಣ್ಮೆಯು ಬೆಳಕಿಗೆ ಬಂದಿತು: ಕೆಲವದರಲ್ಲಿ ಎರಡು ಕಬ್ಬಿಣದ ಪಟ್ಟಿಗಳ ನಡುವೆ ಉಕ್ಕಿನ ಹಾಳೆ; ಮತ್ತೆ ಕೆಲವದರಲ್ಲಿ ಕಬ್ಬಿಣದ ಬೆನ್ನಿಗೆ ಉಕ್ಕಿನ ಬಾಯಿ. ಈ ಕುಲದ ದೊಡ್ಡ ಅಲಗು ಸೀಕ್ಸ್. 1857ರಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ದೊರೆತು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಹತ್ತನೆಯ ಶತಮಾನದ ಸೀಕ್ಸ್ ಒಂದರ ಮೇಲೆ ತಾಮ್ರ, ಕಂಚು, ಬೆಳ್ಳಿಯ ತಂತಿಗಳನ್ನು ಕೂರಿಸಿ 28 ರೂನ್ ಅಕ್ಷರಗಳ ವರ್ಣಮಾಲೆಯನ್ನೂ ಬೆಯಾಗ್ನೋತ್ ಎಂಬ ಹೆಸರನ್ನೂ ಬರೆಯಲಾಗಿದೆ. ಬೆನ್ನು ಮೊನೆಯ ಕಡೆಗೆ ಥಟ್ಟನೆ ಓರೆಯಾಗಿ ಇಳಿಯುವ ಅದರ ರೂಪವನ್ನು ಇಂದಿನ ಚೂರಿಗಾರರು ಮಿಕ್ಕೆಲ್ಲ ಮಾದರಿಗಳಿಗಿಂತ ಹೆಚ್ಚಾಗಿ ಅನುಕರಿಸುತ್ತಾರೆ. ಆದರೆ ಮೂಲದ ದಪ್ಪನಾದ ಬೆನ್ನನ್ನೂ ಅದರ ಭಾರವನ್ನೂ ಉಳಿಸಿಕೊಳ್ಳುವವರು ಕಡಮೆ.

ಒಂಬತ್ತನೆಯ ಶತಮಾನದ ವೇಳೆಗೆ ಉತ್ತಮ ಉಕ್ಕು ಹೆಚ್ಚಾಗಿ ದೊರೆಯತೊಡಗಲು ಚಿತ್ರಬೆಸುಗೆಯ ಅಗತ್ಯವು ಕುಂದಿ, ಸರಳವಾದ ಅಲಗಿನ ಮೇಲೆ ಅಕ್ಷರಗಳನ್ನು ಕೂರಿಸುವ ರೂಢಿ ಬೆಳೆಯಿತು. ಅವುಗಳಲ್ಲಿ ಪ್ರಸಿದ್ಧವಾದುವು ಉಲ್ಫ್‌ಬರ್ಟ್ ಎಂಬ ಹೆಸರನ್ನು ಹೊತ್ತ ಖಡ್ಗಗಳು. ಇಂಥವು 150ಕ್ಕೂ ಹೆಚ್ಚು ದೊರೆತಿವೆ. ಎರಡು ಶತಮಾನಗಳಿಗೂ ಮೀರಿ ಒಂದೇ ಹೆಸರು ನಡೆದುಬಂದಿರುವುದರಿಂದ ಅದು ಒಬ್ಬ ಕಮ್ಮಾರನ ಅಂಕಿತವಾಗಿರದೆ ಕಾರ್ಖಾನೆಯೊಂದರ ಮುದ್ರೆಯಾಗಿರಬೇಕು. ಫ್ರಾಂಕರ ನಾಡಿನಲ್ಲಿ ತಯಾರಾದ ಇಂಥ ಖಡ್ಗಗಳು ಹೆಚ್ಚಾಗಿ ಸಿಕ್ಕಿರುವುದು ಸ್ಕ್ಯಾಂಡಿನೇವಿಯ ಮತ್ತು ಬಾಲ್ಟಿಕ್ ತೀರಗಳಲ್ಲಿ. ವೈಕಿಂಗರಿಗೆ ಆಯುಧ ಮಾರಬಾರದೆಂದು ಚಾರ್ಲ್ಸ್ ದಿ ಬಾಲ್ಡ್ ದೊರೆಯು 864ರಲ್ಲಿ ಪೀತ್ರ್ ಎಂಬಲ್ಲಿ ಹೊರಡಿಸಿದ ಆಜ್ಞೆಯು ಎಷ್ಟು ಫಲಿಸಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಲೋಹಶಾಸ್ತ್ರಜ್ಞ ಅಲನ್ ವಿಲಿಯಮ್ಸ್ ಇವುಗಳಲ್ಲಿ ಕೆಲವನ್ನು ಪರೀಕ್ಷಿಸಿ, ಅವುಗಳ ಉಕ್ಕಿನಲ್ಲಿ ಇಂಗಾಲವು ಹೇರಳವಾಗಿಯೂ ಕಿಟ್ಟವು ಅತ್ಯಲ್ಪವಾಗಿಯೂ ಇರುವುದನ್ನು ಕಂಡು, ಅದು ಮೂಸೆಯಲ್ಲಿ ಕರಗಿಸಿದ ಪೌರಸ್ತ್ಯ ಉಕ್ಕೆಂದು ವಾದಿಸಿದರು. ಕನ್ನಡ ನಾಡಿಗೆ ಈ ವಿಷಯದೊಡನೆ ನಂಟೇನಾದರೂ ಉಂಟಾಗುವುದು ಇಲ್ಲಿಯೇ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ, 1800ರ ಸುಮಾರಿಗೆ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಣ್ಣಾರೆ ಕಂಡು ಬರೆದ ಮೂಸೆಯುಕ್ಕು ಇದೇ ಕುಲಕ್ಕೆ ಸೇರಿದ್ದು. ಆದರೆ ಅಂಥ ಉಕ್ಕನ್ನು ಮಧ್ಯ ಏಷ್ಯದ ಮೆರ್ವ್ ಮೊದಲಾದ ನಗರಗಳಲ್ಲಿಯೂ ತಯಾರಿಸುತ್ತಿದ್ದರು. ವೋಲ್ಗಾ ನದಿಯ ವ್ಯಾಪಾರಮಾರ್ಗಕ್ಕೆ ಅವೇ ಹತ್ತಿರ. ಉಲ್ಫ್‌ಬರ್ಟ್ ಖಡ್ಗದ ಉಕ್ಕು ನಮ್ಮಲ್ಲಿಂದಲೇ ಹೋಯಿತೆಂದು ಸಾಧಿಸಹೊರಡುವುದು ದೇಶಾಭಿಮಾನವಾದೀತೇ ಹೊರತು ಇತಿಹಾಸವಾಗದು. ಡಮಾಸ್ಕಸ್ ಎಂಬ ಒಂದೇ ಹೆಸರಿನಲ್ಲಿ ಚಿತ್ರಬೆಸುಗೆಯ ಅಲಗನ್ನೂ ಮೂಸೆಯುಕ್ಕಿನ ಅಲಗನ್ನೂ ಮಾರುವ ಇಂದಿನ ವಾಡಿಕೆಯೂ ಗೊಂದಲಕ್ಕೆ ಕಾರಣವಾಗಿದೆ. ಮೊದಲನೆಯದರ ಚಿತ್ರವನ್ನು ಸುತ್ತಿಗೆ ಬರೆಯುತ್ತದೆ. ಎರಡನೆಯದರದು ಒಂದೇ ಗಟ್ಟಿಯು ಮೆಲ್ಲಮೆಲ್ಲನೆ ತಣಿಯುವಾಗ ಒಳಗೇ ಹುಟ್ಟಿ, ಹದವರಿತ ಬಡಿತದಿಂದ ಹೊರಕ್ಕೆ ಕಾಣಿಸಿಕೊಳ್ಳುತ್ತದೆ. ಬಿಳಿಗಾವಿನಲ್ಲಿ ಬಡಿದು ರೂಢಿಯಾದ ಯೂರೋಪಿನ ಕಮ್ಮಾರನ ಪೆಟ್ಟಿಗೆ ಮೂಸೆಯುಕ್ಕು ಪುಡಿಯಾಗಿ ಹೋಗುತ್ತದೆ. ಅದಕ್ಕೆ ಬೇಕಾದುದು ಕಡಮೆ ಕಾವು, ಹೆಚ್ಚು ತಾಳ್ಮೆ.

ಆ ಕಾಲದ ಯೂರೋಪಿನಲ್ಲಿ ಕಮ್ಮಾರಿಕೆ ನಡೆಯುತ್ತಿದ್ದ ಬಗೆಗೆ ಅತ್ಯುತ್ತಮ ಸಾಕ್ಷ್ಯವೆಂದರೆ 1936ರಲ್ಲಿ ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದಲ್ಲಿ ರೈತನೊಬ್ಬನ ನೇಗಿಲಿಗೆ ಸಿಕ್ಕ ಮೆಸ್ಟರ್‌ಮೀರಿನ ಓಕ್ ಪೆಟ್ಟಿಗೆ. ಅದರಲ್ಲಿದ್ದ ಸುತ್ತಿಗೆ, ಇಕ್ಕಳ, ಅರ, ಅಡಿಗಲ್ಲುಗಳು ಇಂದಿನ ಹಳ್ಳಿಯ ಕಮ್ಮಾರನಿಗೂ ಅಪರಿಚಿತವೆನಿಸವು.

ಮರೆತ ವಿದ್ಯೆಯನ್ನು ಮತ್ತೆ ಗುರುತಿಸುವುದಕ್ಕೆ ಮುಖ್ಯ ಪ್ರೇರಣೆ ಬಂದುದು ಸಟನ್ ಹೂನಿಂದ. ಇಂಗ್ಲೆಂಡಿನ ಸಫೋಕ್ ಪ್ರಾಂತದ ಆ ದಿಬ್ಬವನ್ನು 1939ರಲ್ಲಿ ಬೇಸಿಲ್ ಬ್ರೌನ್ ಅಗೆದಾಗ, ಏಳನೆಯ ಶತಮಾನದ ಆದಿಯ ನೌಕಾಸಮಾಧಿಯಲ್ಲಿ ಚಿನ್ನ ಮತ್ತು ಗಾರ್ನೆಟ್ ಹರಳುಗಳ ಹಿಡಿಯುಳ್ಳ ಖಡ್ಗವೊಂದು ಒರೆಯೊಳಗೇ ತುಕ್ಕುಗಟ್ಟಿ ಮಲಗಿತ್ತು. ಎಕ್ಸ್-ರೇ ಚಿತ್ರದಲ್ಲಿ ಅದರ ಗರ್ಭವು ಪಕ್ಕಕ್ಕೆ ನಾಲ್ಕರಂತೆ ಬೆನ್ನಿಗೆ ಬೆನ್ನು ಹೊಂದಿಸಿದ ಎಂಟು ಕಂತೆಗಳಿಂದಲೂ, ಪ್ರತಿಯೊಂದು ಕಂತೆಯು ಏಳು ಸರಳುಗಳಿಂದಲೂ ಆಗಿರುವುದು ಕಂಡುಬಂದಿತು. ಶಿಲ್ಪಿಯೂ ಲೋಹಕರ್ಮಿಯೂ ಆಗಿದ್ದು, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸಟನ್ ಹೂ ವಸ್ತುಗಳನ್ನು ಸಂರಕ್ಷಿಸುತ್ತಿದ್ದ ಹರ್ಬರ್ಟ್ ಮೇರಿಯನ್, 1948ರಲ್ಲಿ ಈ ಕ್ರಮಕ್ಕೆ ಪ್ಯಾಟರ್ನ್ ವೆಲ್ಡಿಂಗ್ ಎಂಬ ಹೆಸರನ್ನಿತ್ತರು. ಆದರೆ ತಿರುಚಿದ ಸರಳಿಗೂ ಕಣ್ಣಿಗೆ ಕಾಣುವ ಚಿತ್ರಕ್ಕೂ ಇರುವ ಸಂಬಂಧವನ್ನು ಕಾಗದದ ಮೇಲೆ ಎಷ್ಟು ಚರ್ಚಿಸಿದರೂ ಬಗೆಹರಿಯದು. ಜಾನ್ ಆನ್‌ಸ್ಟಿ ತಾವೇ ಕುಲುಮೆಯ ಮುಂದೆ ನಿಂತು ಅಲಗನ್ನು ಕಟ್ಟಿ, ಲಿಯೋ ಬೀಕ್ ಅವರೊಡನೆ 1961ರಲ್ಲಿ ಪ್ರಕಟಿಸಿದ ಪ್ರಬಂಧವು ಆ ವಾದಗಳಲ್ಲಿ ಅನೇಕವನ್ನು ತೀರ್ಮಾನಿಸಿತು. ಮರುವರ್ಷ ಹೊರಬಂದ ಹಿಲ್ಡ ಎಲ್ಲಿಸ್ ಡೇವಿಡ್‌ಸನ್ನರ ಆಂಗ್ಲೋ-ಸ್ಯಾಕ್ಸನ್ ಖಡ್ಗವನ್ನು ಕುರಿತ ಗ್ರಂಥವು ಈ ಪ್ರಯೋಗವನ್ನು ಸಾಹಿತ್ಯದ ಸಾಕ್ಷ್ಯದೊಡನೆ ಹೊಂದಿಸಿತು. ಪುರಾತತ್ವಶಾಸ್ತ್ರವು ಕಮ್ಮಾರನಿಗೆ ಇಷ್ಟು ಋಣಿಯಾದ ಪ್ರಸಂಗಗಳು ಬಹಳವಿಲ್ಲ.

ವಿದ್ವಾಂಸರ ಕೈಯಿಂದ ಕಸುಬುದಾರರ ಕೈಗೆ ಈ ವಿದ್ಯೆ ದಾಟಿದುದು ಹೆಚ್ಚಾಗಿ ಅಮೆರಿಕದಲ್ಲಿ. ವಿಲಿಯಂ ಮೋರನ್ 1973ರಲ್ಲಿ ಪದರಪದರವಾದ ಉಕ್ಕಿನ ಚೂರಿಗಳನ್ನು ಪ್ರದರ್ಶಿಸಿ, 1976ರಲ್ಲಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಸ್ಥಾಪನೆಗೆ ಕಾರಣರಾದರು; ತೂಗುಬಿಟ್ಟ ಹಗ್ಗವನ್ನು ಒಂದೇ ಪೆಟ್ಟಿಗೆ ಕತ್ತರಿಸಿ, ಮರವನ್ನು ಕಡಿದು, ಅದಾದ ಮೇಲೂ ತೋಳಿನ ಕೂದಲನ್ನು ಬೋಳಿಸಿ, ಕೊನೆಗೆ ಮುರಿಯದೆ 90 ಡಿಗ್ರಿ ಬಾಗಬೇಕೆಂಬುದು ಆ ಸಂಸ್ಥೆ ಅಲಗಿಗೆ ಒಡ್ಡುವ ಪರೀಕ್ಷೆ. ಸ್ಕಾಟ್ ಲ್ಯಾಂಕ್ಟನ್ ಸಟನ್ ಹೂ ಅಲಗಿನ ಪ್ರತಿಕೃತಿಯನ್ನು ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ನಿರ್ಮಿಸಿದರು. 2012ರಲ್ಲಿ ರಿಕ್ ಫರರ್ ಮೂಸೆಯುಕ್ಕಿನಿಂದ ಉಲ್ಫ್‌ಬರ್ಟ್ ಮಾದರಿಯ ಖಡ್ಗವನ್ನು ಕಟ್ಟಿದುದು ಸಾಕ್ಷ್ಯಚಿತ್ರದ ಮೂಲಕ ಲೋಕಪ್ರಸಿದ್ಧವಾಯಿತು.

ಈ ಕೃತಿಗಳ ಮೌಲ್ಯವನ್ನು ನಿರ್ಣಯಿಸುವಾಗ ಪ್ರತಿಕೃತಿಗೂ ಪ್ರೇರಿತಕೃತಿಗೂ ಇರುವ ಭೇದವನ್ನು ಮರೆಯಬಾರದು. ಇಂದಿನ ಬಹುಪಾಲು ಅಲಗುಗಳು ಕಾರ್ಖಾನೆಯ ಏಕರೂಪದ ಉಕ್ಕಿನಿಂದ, ಅನಿಲದ ಕುಲುಮೆಯಲ್ಲಿ, ಯಂತ್ರಚಾಲಿತ ಸುತ್ತಿಗೆಯ ಕೆಳಗೆ ರೂಪುಗೊಳ್ಳುತ್ತವೆ; ಮರಳಿನ ಸ್ಥಾನವನ್ನು ಬಿಳಿಗಾರವು ಆಕ್ರಮಿಸಿದೆ; ರಂಜಕದ ಬಿಳುಪನ್ನು ನಿಕಲ್ ಬೆರೆತ ಉಕ್ಕು ಒದಗಿಸುತ್ತದೆ. ಅದರ ಚಿತ್ರವು ಮೂಲಕ್ಕಿಂತ ಸ್ಫುಟವಾಗಿ, ಕೆಲವೊಮ್ಮೆ ಅತಿಸ್ಫುಟವಾಗಿ, ಎದ್ದು ಕಾಣುತ್ತದೆ. ಅಲಗಿನ ತೂಕದಲ್ಲಿಯೂ ಹೀಗೆಯೇ: ಮೂಲಖಡ್ಗಗಳಲ್ಲಿ ಅನೇಕವು ಸುಮಾರು ಒಂದು ಕಿಲೋಗ್ರಾಮಿನವು, ಮೊನೆಯ ಕಡೆಗೆ ಕ್ರಮವಾಗಿ ತೆಳುವಾಗುವಂಥವು; ಅನುಕರಣೆಗಳಾದರೋ ಅಗತ್ಯಕ್ಕಿಂತ ದಪ್ಪವಾಗಿ, ಕೈಗೆ ಕಬ್ಬಿಣದ ಸಲಾಕೆಯಂತೆ ಭಾರವಾಗುತ್ತವೆ. ನಿಷ್ಠುರರಾದ ಕೆಲವು ಕಮ್ಮಾರರು ಹಳೆಯ ಸೇತುವೆಗಳ, ಲಂಗರಿನ ಸರಪಳಿಗಳ ಮೆತುಗಬ್ಬಿಣವನ್ನು ಹುಡುಕಿ ಕೊಳ್ಳುತ್ತಾರೆ. ಅದರ ವಾಣಿಜ್ಯೋತ್ಪಾದನೆಯು ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ನಿಂತುಹೋದುದರಿಂದ ಸಂಗ್ರಹವು ವರ್ಷೇವರ್ಷೇ ಕರಗುತ್ತಿದೆ. ಹೀಗಾಗಿ ಜೌಗಿನ ಅದಿರನ್ನು ತಾವೇ ಆರಿಸಿ ತಂದು, ಮಣ್ಣಿನ ಕುಲುಮೆಯನ್ನು ಕಟ್ಟಿ ಕಬ್ಬಿಣದ ಮುದ್ದೆಯನ್ನು ಬೇಯಿಸಿಕೊಳ್ಳುವವರ ಸಂಖ್ಯೆಯೂ ಬೆಳೆದಿದೆ.