ನೀಲಿ ಮೊಟ್ಟೆಯ ಕೋಳಿಯ ವಂಶಾವಳಿ



ಕೋಳಿಮೊಟ್ಟೆಯ ಬಣ್ಣ ಯಾವುದು ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುವಿರಿ? ಅಂಗಡಿಯ ಫಾರಂ ಮೊಟ್ಟೆ ಬಿಳಿ, ಹಿತ್ತಲಿನ ನಾಟಿ ಕೋಳಿಯ ಮೊಟ್ಟೆ ತಿಳಿಗಂದು ಎನ್ನುವಿರಿ. ಆದರೆ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ತಿಳಿನೀಲಿ ಮೊಟ್ಟೆ ಇಡುವ ಕೋಳಿಗಳಿವೆ. ಇಂದು ಅಮೆರಿಕ, ಇಂಗ್ಲೆಂಡುಗಳಲ್ಲಿಯೂ ಅನೇಕರು ತಮ್ಮ ಮನೆಯ ಹಿತ್ತಲಿನಲ್ಲಿ ನೀಲಿ, ಹಸಿರು ಮೊಟ್ಟೆ ಇಡುವ ಕೋಳಿಗಳನ್ನು ಸಾಕುತ್ತಾರೆ. ಈ ಕೋಳಿಗಳ ಕುಲ ಯಾವುದು? ಇವುಗಳಲ್ಲಿ ಶುದ್ಧ ತಳಿ ಯಾವುದು? ವಿದ್ವಾಂಸರು ಈ ಪ್ರಶ್ನೆಗಳ ಬೆನ್ನು ಹತ್ತಿ ಹೋದ ಇತಿಹಾಸ ಬಹಳ ಸ್ವಾರಸ್ಯಕರವಾದುದು.

ಚಿಲಿಯ ದಕ್ಷಿಣ ಭಾಗದಲ್ಲಿ ಮಾಪುಚೆ ಎಂಬ ಮೂಲನಿವಾಸಿಗಳಿದ್ದಾರೆ. ಸ್ಪೇನಿನವರು ಅವರನ್ನು ಅರೌಕಾನೊ ಎಂದು ಕರೆದರು. ಅವರ ನಾಡಿನ ಕೋಳಿಗಳಿಗೆ ಅರೌಕಾನ ಎಂಬ ಹೆಸರು ಬಂದದ್ದು ಇದರಿಂದಲೇ. ಅಲ್ಲಿ ಎರಡು ಬಗೆಯ ಕೋಳಿಗಳಿದ್ದವು. ಕೊಲ್ಲೊಂಕ ಎಂಬುದಕ್ಕೆ ಬಾಲವಿರಲಿಲ್ಲ, ಅದು ನೀಲಿ ಮೊಟ್ಟೆ ಇಡುತ್ತಿತ್ತು. ಕೆತ್ರೊ ಎಂಬುದಕ್ಕೆ ಕಿವಿಯ ಬಳಿ ಓಲೆಯಂತೆ ಪುಕ್ಕದ ಗೊಂಚಲು ಇತ್ತು, ಆದರೆ ಅದರ ಮೊಟ್ಟೆ ನೀಲಿಯಲ್ಲ. ರುಬೆನ್ ಬುಸ್ತೋಸ್ ಎಂಬ ಚಿಲಿಯ ಸಾಕಣೆದಾರರು ಇವೆರಡನ್ನೂ ಕೂಡಿಸಿ ಬೆಳೆಸಿದರು. ಬಾಲವಿಲ್ಲದ, ಕಿವಿಯೋಲೆಯುಳ್ಳ, ನೀಲಿ ಮೊಟ್ಟೆ ಇಡುವ ಕೋಳಿ ಹೀಗೆ ಸಿದ್ಧವಾಯಿತು.

1914ರಲ್ಲಿ ಸ್ಪೇನಿನ ಕೋಳಿ ಸಾಕಣೆಯ ಪ್ರಾಧ್ಯಾಪಕ ಸಾಲ್ವಡೊರ್ ಕಾಸ್ತೆಯ್ಯೊ ಚಿಲಿಗೆ ಹೋಗಿ ಈ ಕೋಳಿಗಳನ್ನು ಕಂಡರು. ಇದೊಂದು ಬೇರೆಯೇ ಪ್ರಭೇದವೆಂದು ಅವರು ಭಾವಿಸಿದರು. 1921ರಲ್ಲಿ ಹೇಗ್ ನಗರದಲ್ಲಿ ನಡೆದ ಮೊದಲ ವಿಶ್ವ ಕುಕ್ಕುಟ ಸಮ್ಮೇಳನದಲ್ಲಿ ಅದನ್ನು 'ಗ್ಯಾಲಸ್ ಇನೌರಿಸ್' ಎಂಬ ಹೆಸರಿನಿಂದ ಪರಿಚಯಿಸಿದರು. ಲ್ಯಾಟಿನ್ನಿನಲ್ಲಿ 'ಇನೌರಿಸ್' ಎಂದರೆ ಕಿವಿಯೋಲೆ. ಮುಂದೆ ಹೆಚ್ಚಿನ ವಿಚಾರಣೆ ನಡೆಸಿದಾಗ ತಾವು ಕಂಡದ್ದು ಮಿಶ್ರ ತಳಿ ಎಂಬುದು ಅವರಿಗೆ ತಿಳಿಯಿತು. 1924ರಲ್ಲಿ ಬಾರ್ಸೆಲೋನದಲ್ಲಿ ಅದೇ ಸಮ್ಮೇಳನ ಎರಡನೆಯ ಬಾರಿ ಸೇರಿದಾಗ ಅವರು ತಮ್ಮ ಹಿಂದಿನ ಮಾತನ್ನು ತಾವೇ ತಿದ್ದಿಕೊಂಡರು.

ಇನ್ನು ಬಣ್ಣದ ವಿಚಾರ ನೋಡೋಣ. 1933ರಲ್ಲಿ ಇಂಗ್ಲೆಂಡಿನ ತಳಿವಿಜ್ಞಾನಿ ಆರ್. ಸಿ. ಪನ್ನೆಟ್ ಅವರು ನೀಲಿ ಬಣ್ಣಕ್ಕೆ ಒಂದೇ ಒಂದು ಪ್ರಬಲ ವಂಶವಾಹಿ ಕಾರಣವೆಂದು ತೋರಿಸಿದರು. ತಂದೆ ಅಥವಾ ತಾಯಿ, ಒಬ್ಬರಿಂದ ಬಂದರೂ ಸಾಕು, ಮೊಟ್ಟೆಗೆ ನೀಲಿ ಬರುತ್ತದೆ. ಬಿಲಿವರ್ಡಿನ್ ಎಂಬ ಈ ವರ್ಣದ್ರವ್ಯ ಚಿಪ್ಪಿನ ಒಳಗೂ ಹೊರಗೂ ವ್ಯಾಪಿಸಿರುತ್ತದೆ. ಕಂದು ಬಣ್ಣ ಹಾಗಲ್ಲ, ಅದು ಚಿಪ್ಪಿನ ಮೇಲುಭಾಗದಲ್ಲಿ ಲೇಪದಂತೆ ಕೂರುತ್ತದೆ. ನೀಲಿ ಚಿಪ್ಪಿನ ಮೇಲೆ ಕಂದು ಲೇಪ ಬಿದ್ದರೆ ಕಾಣುವುದು ಹಸಿರು. ಆದ್ದರಿಂದ ಹಸಿರು ಮೊಟ್ಟೆಯನ್ನು ಕಂಡರೆ ಸಾಕು, ಆ ಹೇಂಟೆಯ ಹಿರಿಯರಲ್ಲಿ ಎರಡು ಬಗೆಯವರಿದ್ದರೆಂದು ಊಹಿಸಬಹುದು.

2013ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಹಿಂದೆಂದೋ ಒಂದು ವೈರಾಣು ಕೋಳಿಯ ವರ್ಣತಂತುವಿನೊಳಗೆ ಸೇರಿ ಅಲ್ಲಿಯೇ ನೆಲೆಸಿಬಿಟ್ಟಿತ್ತು. ನೀಲಿ ಬಣ್ಣಕ್ಕೆ ಮೂಲ ಅದೇ. ಚೀನಾದ ಡೊಂಗ್‌ಶಿಯಾಂಗ್ ಕೋಳಿಯೂ ನೀಲಿ ಮೊಟ್ಟೆ ಇಡುತ್ತದೆ. ಆದರೆ ಚೀನಾದಲ್ಲಿ ಒಮ್ಮೆ, ದಕ್ಷಿಣ ಅಮೆರಿಕದ ಕೋಳಿಗಳಲ್ಲಿ ಇನ್ನೊಮ್ಮೆ, ಹೀಗೆ ಈ ಸೇರ್ಪಡೆ ಬೇರೆ ಬೇರೆಯಾಗಿ ಆಗಿದೆ. ಬಣ್ಣ ಒಂದೇ ಆದ ಮಾತ್ರಕ್ಕೆ ಕುಲವೂ ಒಂದೇ ಎಂದು ಹೇಳಲಾಗದು.

ಅಮೆರಿಕದಲ್ಲಿ ಇವುಗಳಿಗೆ ತಳಿಯ ನಿಯಮ ಬರೆಯಲಾಯಿತು. 1976ರಲ್ಲಿ ಬಾಲವಿಲ್ಲದ, ಕಿವಿಗೊಂಚಲಿನ ಅರೌಕಾನಕ್ಕೆ, 1984ರಲ್ಲಿ ಬಾಲವೂ ಗಡ್ಡವೂ ಉಳ್ಳ ಅಮೆರೌಕಾನಕ್ಕೆ ಮನ್ನಣೆ ದೊರೆಯಿತು. ನಿಯಮಕ್ಕೆ ಹೊಂದದ ಮಿಶ್ರ ಕೋಳಿಗಳು 'ಈಸ್ಟರ್ ಎಗ್ಗರ್' ಎನಿಸಿಕೊಂಡವು. ಈಸ್ಟರ್ ಹಬ್ಬಕ್ಕೆ ಮೊಟ್ಟೆಗೆ ಬಣ್ಣ ಹಚ್ಚುವ ರೂಢಿಯಿಂದ ಬಂದ ಹೆಸರು ಅದು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿರಿ. ಕಿವಿಗೊಂಚಲಿನ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮರಿ ಮೊಟ್ಟೆಯೊಳಗೇ ಸಾಯುತ್ತದೆ. ಗೊಂಚಲುಳ್ಳ ಹುಂಜವನ್ನೂ ಹೇಂಟೆಯನ್ನೂ ಕೂಡಿಸಿದರೆ ಸರಾಸರಿ ನಾಲ್ಕು ಮೊಟ್ಟೆಗಳಲ್ಲಿ ಒಂದರ ಮರಿ ಬದುಕುವುದಿಲ್ಲ, ಒಂದಕ್ಕೆ ಗೊಂಚಲು ಬರುವುದಿಲ್ಲ, ಎರಡಕ್ಕೆ ಮಾತ್ರ ಬರುತ್ತದೆ. ಅಂದರೆ ಶುದ್ಧತೆಯ ಗುರುತೆಂದು ನಿಯಮದಲ್ಲಿ ಬರೆದ ಲಕ್ಷಣವು ಬೆರಕೆಯಲ್ಲಿ ಮಾತ್ರ ಜೀವಂತವಾಗಿ ಉಳಿಯಬಲ್ಲದು!

ದೂರದ ದೇಶದ ಮಾತು ನಮಗೇಕೆ ಎನ್ನುವಿರಾ? ನಿಮ್ಮ ಹಿತ್ತಲಿನ ಕೋಳಿಯ ಕಾಲನ್ನು ಒಮ್ಮೆ ನೋಡಿರಿ. ಸಾಕುಕೋಳಿಯ ಮುಖ್ಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಅದೊಂದೇ ಮೂಲವೆಂದು ಡಾರ್ವಿನ್ನರೂ ನಂಬಿದ್ದರು. ಆದರೆ ಅನೇಕ ಸಾಕುಕೋಳಿಗಳ ಚರ್ಮಕ್ಕೂ ಕಾಲಿಗೂ ಹಳದಿ ಬಣ್ಣ ಕೊಡುವ ವಂಶವಾಹಿಯು ಬೂದು ಕಾಡುಕೋಳಿಯಿಂದ ಬಂದಿದೆ ಎಂದು 2008ರ ಸಂಶೋಧನೆ ತೋರಿಸಿತು. ಆ ಬೂದು ಕಾಡುಕೋಳಿ ನಮ್ಮ ಬಂಡೀಪುರ, ನಾಗರಹೊಳೆಗಳ ಕಾಡಿನ ಹಕ್ಕಿ. ನಮ್ಮ ಕಾಡಿನ ಪಾಲು ಜಗತ್ತಿನ ಕೋಳಿಗೂಡುಗಳಲ್ಲಿದೆ.

ನಮ್ಮ ದೇಶದ ಕಾಳಗದ ಕೋಳಿಗೆ 'ಅಸೀಲ್' ಎಂಬ ಹೆಸರಿದೆ. ಅರಬ್ಬಿಯಿಂದ ಬಂದ ಈ ಪದಕ್ಕೆ ಶುದ್ಧ ಕುಲದ್ದು ಎಂದು ಅರ್ಥ. ನಾವು ಕನ್ನಡದಲ್ಲಿ ಬಳಸುವ 'ಅಸಲು' ಎಂಬ ಮಾತು ಹುಟ್ಟಿದ್ದೂ ಅದೇ ಮೂಲದಿಂದ, ಅಲ್ಲಿ 'ಅಸ್ಲ್' ಎಂದರೆ ಬೇರು. ಬೇರು ಒಂದೇ ಎಂದು ನಾವು ತಿಳಿಯುತ್ತೇವೆ. ಆದರೆ ಅಗೆದು ನೋಡಿದವರಿಗೆ ಕಾಣುವುದು ಹಲವು ಕಡೆಗೆ ಹರಡಿದ ಬೇರುಗಳು.

ವಿದ್ಯಾರ್ಥಿಗಳೇ, ಕುಲದ ಹಿರಿಮೆಯ ಮಾತು ಕೋಳಿಗಳಲ್ಲಿಲ್ಲ, ಅದು ಮನುಷ್ಯರು ಮಾಡಿಕೊಂಡದ್ದು. ಯಾರಾದರೂ ಒಂದು ಭಾಷೆಯನ್ನೋ ಒಂದು ಜನವನ್ನೋ ಅಪ್ಪಟವೆಂದು, ಇನ್ನೊಂದನ್ನು ಬೆರಕೆಯೆಂದು ಹೇಳಿದಾಗ ಪುರಾವೆ ಕೇಳಿರಿ. ಪುರಾವೆ ನಿಮ್ಮ ಮಾತಿಗೇ ವಿರುದ್ಧವಾದರೆ, ಕಾಸ್ತೆಯ್ಯೊ ಅವರಂತೆ ಅದೇ ಸಭೆಯಲ್ಲಿ ಎದ್ದು ನಿಂತು ತಿದ್ದಿಕೊಳ್ಳಿರಿ. ವಿದ್ಯೆಯಿಂದ ನಮಗಾಗಬೇಕಾದ ಲಾಭ ಇದೇ.